ಬಿಡುವ ಕೈ

ಚಾಚಾ ಮೊದಲ ದಿನ ನನ್ನನ್ನು ಕುದುರೆಯ ಹತ್ತಿರಕ್ಕೂ ಬಿಡಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ, ಗೂಟಕ್ಕೆ ನೇತುಹಾಕಿದ್ದ ಕಡಿವಾಣವನ್ನು ಇಳಿಸಿಕೊಂಡು ಬಂದರು. ಬಾಯಿಗಿಡುವ ಕಬ್ಬಿಣದ ತುಂಡನ್ನು ತಾವು ಎರಡೂ ಕೈಗಳಲ್ಲಿ ಹಿಡಿದು, ವಾಘೆಯ, ಅಂದರೆ ಲಗಾಮಿನ ಪಟ್ಟಿಯ, ತುದಿಗಳನ್ನು ನನಗೆ ಕೊಟ್ಟರು. "ಈಗ ನಾನೇ ಕುದುರೆ. ಕಣ್ಣು ಮುಚ್ಚಿಕೊಂಡು ನನ್ನನ್ನು ನಿಲ್ಲಿಸು" ಎಂದರು. ನಾನು ಎಳೆದೆ. ಅವರ ಕೈ ನನ್ನತ್ತ ಬಂತು. ಇನ್ನೂ ಎಳೆದೆ. ಸ್ವಲ್ಪ ಹೊತ್ತಿನ ನಂತರ ಆ ಕಡೆಯಿಂದಲೂ ಅಷ್ಟೇ ಬಲವಾದ ಎಳೆತ ಶುರುವಾಯಿತು. ಎಪ್ಪತ್ತರ ಹತ್ತಿರದ ಆ ಮನುಷ್ಯ ನನ್ನನ್ನು ಕಟ್ಟೆಯಿಂದ ಅರ್ಧ ಎಬ್ಬಿಸಿಯೇ ಬಿಟ್ಟರು. ಕಣ್ಣು ತೆರೆದೆ.

"ನೀನು ನಿಲ್ಲು ಎಂದ ಕೂಡಲೇ ನಾನು ನಿಂತೆ. ನೀನು ಎಳೆಯುತ್ತಲೇ ಇದ್ದೆ. ನಿಂತದ್ದಕ್ಕೆ ನನಗೆ ಸಿಕ್ಕಿದ್ದೇನು?"

ಆ ಪ್ರಶ್ನೆ ಕೇಳಿ ಈಗ ಮೂರು ವರ್ಷವಾಯಿತು. ತಲೆಗೆ ಅದು ಅಂದೇ ಅರ್ಥವಾಗಿತ್ತು. ಕೈಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ನಾನು ಸವಾರಿ ಕಲಿಯಲು ಹೋದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ವಿಜಯಪುರದವರಿಗೆ ಕುದುರೆ ಅಪರೂಪದ ಪ್ರಾಣಿಯಲ್ಲ. ಆಟೋಗಳು ಎಷ್ಟೇ ಹೆಚ್ಚಾದರೂ ಗೋಳಗುಮ್ಮಟದ ಸುತ್ತ ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ಟಾಂಗಾಗಳು ಇನ್ನೂ ಪೂರ್ತಿ ಮರೆಯಾಗಿಲ್ಲ. ಚಾಚಾ ಅವರದು ಟಾಂಗಾ ಹೊಡೆದೇ ಬದುಕಿದ ಮನೆತನ. ದುಡಿಮೆ ಕುಗ್ಗಿದ ಮೇಲೆ ಉಳಿದ ಎರಡು ಕುದುರೆಗಳಲ್ಲಿ ಒಂದಕ್ಕೆ ಅವರು ಜೀನು ಹೊರುವುದನ್ನು ಕಲಿಸಿದ್ದರು. ಹೆಸರು ತಾರಾ. ಕಂದು ಬಣ್ಣ, ಹಣೆಯ ಮೇಲೆ ರೂಪಾಯಿ ಅಗಲದ ಬಿಳಿ ಚುಕ್ಕೆ. ಕಚೇರಿಗೆ ಹೋಗುವ ದಾರಿಯಲ್ಲಿ ದಿನವೂ ಅವಳನ್ನು ನೋಡುತ್ತಿದ್ದೆ. ಒಂದು ದಿನ ಸ್ಕೂಟರ್ ನಿಲ್ಲಿಸಿ ಕೇಳಿಯೇ ಬಿಟ್ಟೆ.

ನನ್ನ ಕೈಗೆ ಅದರದೇ ಆದ ಹಳೆಯ ರೂಢಿಯೊಂದಿತ್ತು. ನಮ್ಮದು ಇಂಡಿ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಊರು. ಅಪ್ಪನ ಬಳಿ ಯಾವಾಗಲೂ ಒಂದು ಜೋಡಿ ಖಿಲಾರಿ ಎತ್ತುಗಳಿದ್ದವು. ಗಂಡುಮಕ್ಕಳಿಲ್ಲದ ಮನೆಯ ಹಿರಿಯ ಮಗಳಾಗಿ ನಾನು ಹತ್ತನೆಯ ವಯಸ್ಸಿಗೇ ಬಂಡಿಯ ಮೂಕಿಯ ಮೇಲೆ ಕುಳಿತು ಮೂಗುದಾರದ ಹಗ್ಗ ಹಿಡಿದವಳು. ಖಿಲಾರಿ ಎತ್ತು ಚುರುಕು, ಮುಂಗೋಪಿ. ಹಿಡಿದರೆ ಗಟ್ಟಿಯಾಗಿ ಹಿಡಿಯಬೇಕು ಎಂಬುದೇ ನನ್ನ ಅಂಗೈಗೆ ಗೊತ್ತಿದ್ದ ಪಾಠ. ಹಗ್ಗ ಹಿಡಿದ ಮುಷ್ಟಿಯನ್ನು ಹೊಟ್ಟೆಗೆ ಒತ್ತಿಕೊಂಡು, ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ ಎಳೆಯುವುದು ನನಗೆ ಉಸಿರಾಟದಷ್ಟು ಸಹಜವಾಗಿತ್ತು. ಚಾಚಾ ಕಟ್ಟೆಯ ಮೇಲೆ ಕಂಡದ್ದು ಆ ಮುಷ್ಟಿಯನ್ನೇ.

ಎರಡನೆಯ ದಿನ ಅವರು ತಾರಾಳ ಬಾಯಿ ತೋರಿಸಿದರು. ಕುದುರೆಗೆ ಮುಂದೆ ಮೇಲೆ ಆರು, ಕೆಳಗೆ ಆರು ಬಾಚಿಹಲ್ಲುಗಳು. ಅವು ಮುಗಿದ ಮೇಲೆ ದವಡೆಹಲ್ಲು ಶುರುವಾಗುವವರೆಗೆ ಬರಿಯ ಒಸಡು, ಸುಮಾರು ಒಂದು ಗೇಣಿನ ಅರ್ಧದಷ್ಟು ಖಾಲಿ ಜಾಗ. ಗಂಡು ಕುದುರೆಗಳಿಗೆ ಈ ಜಾಗದಲ್ಲಿ ಕೋರೆಹಲ್ಲು ಇರುತ್ತದೆ, ಹೆಣ್ಣು ಕುದುರೆಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಚಾಚಾ ತುಟಿಯ ಮೂಲೆಯಿಂದ ಹೆಬ್ಬೆರಳು ತೂರಿಸಿದರು, ಅವಳು ಬಾಯಿ ತೆರೆದಳು. ನನ್ನ ತೋರುಬೆರಳನ್ನು ಹಿಡಿದು ಆ ಒಸಡಿನ ಮೇಲೆ ಮೆಲ್ಲನೆ ಸವರಿಸಿದರು. ಬೆಚ್ಚಗೆ, ಒದ್ದೆಯಾಗಿ, ನನ್ನ ಕೆಳತುಟಿಯ ಒಳಭಾಗದಷ್ಟೇ ತೆಳುವಾದ ಚರ್ಮ. ಅದರ ಅಡಿಯಲ್ಲೇ ಎಲುಬು. ಅದು ದುಂಡಗಿಲ್ಲ, ಅಂಚುಗಟ್ಟಿದೆ, ಕುಡುಗೋಲಿನ ಬೆನ್ನಿನ ಹಾಗೆ. ಕಡಿವಾಣದ ಕಬ್ಬಿಣ ಕೂರುವುದು ಆ ಅಂಚಿನ ಮೇಲೆ ಮತ್ತು ನಾಲಗೆಯ ಮೇಲೆ. ಮೈಮೇಲೆ ಒಂದು ನೊಣ ಕುಳಿತರೂ ಅಷ್ಟೇ ಜಾಗದ ಚರ್ಮವನ್ನು ನಡುಗಿಸಿ ಹಾರಿಸುವ ಪ್ರಾಣಿ ಇದು. ಅದರ ಬಾಯಲ್ಲಿ, ಎಲುಬಿಗೂ ಕಬ್ಬಿಣಕ್ಕೂ ನಡುವೆ, ಇರುವುದು ಅಷ್ಟು ತೆಳುವಾದ ಒಂದು ಪದರ. ಹಿಂದಿನ ದಿನ ನಾನು ಎಳೆದ ಬಲವನ್ನು ನೆನೆದು ಬೆರಳು ಹಿಂದಕ್ಕೆ ತೆಗೆದುಕೊಂಡೆ.

ತಾರಾಗೆ ಹಾಕುವುದು ಸಾದಾ ಕಡಿವಾಣ, ನಡುವೆ ಒಂದು ಕೀಲು, ಎರಡು ಕಡೆ ಉಂಗುರ. ಸವಾರಿ ಶಾಲೆಗಳಲ್ಲಿ ಸ್ನ್ಯಾಫಲ್ ಎನ್ನುವುದು ಇದನ್ನೇ. ಇದರಲ್ಲಿ ಕೈ ಎಷ್ಟು ಒತ್ತುತ್ತದೆಯೋ ಬಾಯಿಗೆ ಹೆಚ್ಚುಕಡಿಮೆ ಅಷ್ಟೇ ಮುಟ್ಟುತ್ತದೆ. ಉದ್ದ ಕಡ್ಡಿಗಳೂ ಗದ್ದದ ಕೆಳಗೆ ಸರಪಳಿಯೂ ಇರುವ ಕರ್ಬ್ ಎಂಬ ಇನ್ನೊಂದು ಬಗೆಯಿದೆ. ಅದು ಸನ್ನೆಕೋಲಿನಂತೆ ಕೆಲಸ ಮಾಡಿ, ಕೈಯ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸಿ ಬಾಯಿಗೆ ದಾಟಿಸುತ್ತದೆ. ಕೈ ಪಳಗದವರು ಅದನ್ನು ಮುಟ್ಟಲೇಬಾರದು.

ವಾಘೆ ಹಿಡಿಯುವ ಕ್ರಮ ಕೇಳಲು ಬಹಳ ಸರಳ. ಕಿರುಬೆರಳು ಮತ್ತು ಉಂಗುರಬೆರಳಿನ ನಡುವಿನಿಂದ ಪಟ್ಟಿ ಅಂಗೈಯೊಳಗೆ ಬರುತ್ತದೆ, ತೋರುಬೆರಳಿನ ಮೇಲಿನಿಂದ ಹೊರಗೆ ಹೋಗುತ್ತದೆ, ಅದರ ಮೇಲೆ ಹೆಬ್ಬೆರಳು ಕೂರುತ್ತದೆ. ಜಾರದಂತೆ ತಡೆಯುವ ಕೆಲಸ ಹೆಬ್ಬೆರಳಿನದು, ಮಾತಾಡುವ ಕೆಲಸ ಉಂಗುರಬೆರಳಿನದು. ಮೊಣಕೈಯಿಂದ ಮಣಿಕಟ್ಟಿನ ಮೂಲಕ ಕುದುರೆಯ ಬಾಯಿಯವರೆಗೆ ಪಕ್ಕದಿಂದ ನೋಡಿದವರಿಗೆ ಒಂದೇ ನೇರ ಗೆರೆ ಕಾಣಬೇಕು. ಎರಡೂ ಕಡೆ ಉದ್ದ ಸಮನಾಗಿರಲಿ ಎಂದು ಚಾಚಾ ಎರಡು ಪಟ್ಟಿಗಳಿಗೂ ಒಂದೇ ಅಳತೆಯಲ್ಲಿ ಕೆಂಪು ದಾರ ಸುತ್ತಿದ್ದರು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ನೋಡಿದರೆ ನನ್ನ ಬಲಗೈಯ ದಾರ ಎರಡು ಬೆರಳು ಹಿಂದಕ್ಕೆ ಬಂದಿರುತ್ತಿತ್ತು.

ಬೆರಳು ಹೇಗೆ ಮುಚ್ಚಬೇಕು ಎಂಬುದು ಮಾತ್ರ ಎಷ್ಟು ಹೇಳಿದರೂ ಬರಲಿಲ್ಲ. ಕಡೆಗೆ ದಾರಿ ತೋರಿಸಿದ್ದು ಎಮ್ಮೆ. ಊರಿಗೆ ಹೋದಾಗ ಒಂದು ಸಂಜೆ ಹಾಲು ಕರೆಯಲು ಕುಳಿತಿದ್ದೆ. ಹಾಲು ಕರೆಯುವಾಗ ತೋಳು ಏನೂ ಮಾಡುವುದಿಲ್ಲ. ಭುಜ ಸಡಿಲ, ಮೊಣಕೈ ಸಡಿಲ. ಬೆರಳುಗಳು ಒಂದರ ಹಿಂದೆ ಒಂದು ಮುಚ್ಚಿಕೊಳ್ಳುತ್ತವೆ, ಮತ್ತೆ ತೆರೆಯುತ್ತವೆ. ತೆರೆಯದಿದ್ದರೆ ಮುಂದಿನ ಧಾರೆಗೆ ಕೆಚ್ಚಲಿನಿಂದ ಹಾಲು ಇಳಿಯುವುದೇ ಇಲ್ಲ. ಮೊಲೆ ಹಿಡಿದು ಎಳೆಯುವವರಿಗೆ ಎಮ್ಮೆ ಒದೆಯುತ್ತದೆ, ಅದೂ ನ್ಯಾಯವೇ. ಮೂವತ್ತು ವರ್ಷದಿಂದ ನನ್ನ ಕೈ ಬಲ್ಲ ಕೆಲಸ ಇದು. ಮರುವಾರ ತಾರಾಳ ಮೇಲೆ ಕುಳಿತು, ನಿಲ್ಲಬೇಕೆನಿಸಿದಾಗ ಸೊಂಟವನ್ನು ಭಾರವಾಗಿಸಿ, ಉಸಿರು ಬಿಟ್ಟು, ಹಾಲು ಕರೆಯುವ ಹಾಗೆ ಕಡೆಯ ಎರಡು ಬೆರಳುಗಳನ್ನು ಮುಚ್ಚಿದೆ. ಅವಳು ನಿಂತಳು. ನಾನು ಬೆರಳು ತೆರೆದೆ. ಅವಳು ಕಿವಿಯನ್ನು ನನ್ನ ಕಡೆ ತಿರುಗಿಸಿ, ಬಾಯಿ ಆಡಿಸಿ, ಕಬ್ಬಿಣವನ್ನು ಒಮ್ಮೆ ಮೆಲ್ಲಗೆ ಜಗಿದಳು. ಚಾಚಾ ದೂರದಿಂದ ಏನೂ ಹೇಳಲಿಲ್ಲ, ಬೀಡಿ ಹಚ್ಚಿಕೊಂಡರು.

ಕುದುರೆ ಕಲಿಯುವುದು ಒತ್ತಡ ಬಂದಾಗಲ್ಲ, ಒತ್ತಡ ಹೋದಾಗ. ಆ ಕ್ಷಣಕ್ಕೆ ಮುಂಚೆ ಅದು ಏನು ಮಾಡಿತ್ತೋ ಅದೇ ಸರಿ ಎಂದು ನೆನಪಿಟ್ಟುಕೊಳ್ಳುತ್ತದೆ. ತಲೆ ಕೊಡವಿದಾಗ ಗಾಬರಿಯಿಂದ ನಾನು ವಾಘೆ ಸಡಿಲಿಸಿದರೆ, ತಲೆ ಕೊಡವಿದರೆ ಬಿಡುಗಡೆ ಎಂದು ನಾನೇ ಪಾಠ ಹೇಳಿದಂತಾಯಿತು. ನಿಂತ ಮೇಲೂ ಹಿಡಿದೇ ಇದ್ದರೆ, ನಿಲ್ಲುವುದರಿಂದ ಏನೂ ಆಗುವುದಿಲ್ಲ ಎಂಬ ಪಾಠ. ಬಿಗಿಬಾಯಿಯ ಕುದುರೆ ಎಂದು ಜನ ಹೆಸರಿಡುತ್ತಾರಲ್ಲ, ಅವುಗಳಲ್ಲಿ ಬಹುಪಾಲು ಹುಟ್ಟಿನಿಂದ ಹಾಗಿರುವುದಿಲ್ಲ. ಬಿಡದ ಕೈಗಳ ಕೆಳಗೆ ವರ್ಷಗಟ್ಟಲೆ ದುಡಿದು ಹಾಗಾದವು. ಟಾಂಗಾದ ಕುದುರೆಗೆ ಬೆನ್ನ ಮೇಲೆ ಸವಾರನ ತೊಡೆ ಇಲ್ಲ, ಸೊಂಟ ಇಲ್ಲ. ದನಿ, ಚಬುಕು, ವಾಘೆ, ಇಷ್ಟೇ ಭಾಷೆ. ಅದರಲ್ಲೂ ಚಾಚಾ ಅವರ ವಾಘೆ ಯಾವಾಗಲೂ ಸ್ವಲ್ಪ ಜೋತುಬಿದ್ದಿರುತ್ತಿತ್ತು ಎಂದು ನಿಲ್ದಾಣದ ಹತ್ತಿರದ ಚಹಾ ಅಂಗಡಿಯವರು ಈಗಲೂ ಹೇಳುತ್ತಾರೆ.

ಕೈ ಅಲುಗಬಾರದು ಎಂದು ಎಲ್ಲರೂ ಹೇಳಿಕೊಡುತ್ತಾರೆ. ಅದು ಅರ್ಧ ಮಾತು. ಕುದುರೆ ನಡೆಯುವಾಗ ಪ್ರತಿ ಹೆಜ್ಜೆಗೂ ಅದರ ತಲೆ ಮುಂದೆ ಹೋಗಿ ಹಿಂದೆ ಬರುತ್ತದೆ. ಆಗ ನನ್ನ ಕೈ ನನ್ನ ಹೊಟ್ಟೆಯ ಮುಂದೆ ಕಲ್ಲಿನಂತೆ ನಿಂತರೆ ಅವಳು ಪ್ರತಿ ಹೆಜ್ಜೆಗೂ ತನ್ನ ಬಾಯನ್ನು ತಾನೇ ಕಬ್ಬಿಣಕ್ಕೆ ಬಡಿದುಕೊಳ್ಳುತ್ತಾಳೆ. ಮೊಣಕೈ ತೆರೆದು ಮುಚ್ಚಿ ಅವಳ ತಲೆಯ ಜೊತೆಗೇ ಹೋಗಿಬರಬೇಕು. ದುಡುಕಿ ಓಟದಲ್ಲಿ ಇದು ಪೂರಾ ತಿರುವುಮುರುವು. ಮುಂದಿನ ಒಂದು ಕಾಲೂ ಅದಕ್ಕೆ ಓರೆಯಾಗಿರುವ ಹಿಂದಿನ ಕಾಲೂ ಜೊತೆಯಾಗಿ ಬೀಳುವ ಆ ಓಟದಲ್ಲಿ ಕುದುರೆಯ ತಲೆ ಬಹುತೇಕ ಸ್ಥಿರ, ಕುಣಿಯುವುದು ನಾನು. ಈಗ ಮೈ ಏರಿಳಿದರೂ ಕೈ ಏರಿಳಿಯಬಾರದು. ನಾಗಾಲೋಟಕ್ಕೆ ಮುಂಚಿನ ಮೂರು ತಾಳದ ಓಟಕ್ಕೆ ಬಂದರೆ ತಲೆ ಮತ್ತೆ ತೂಗತೊಡಗುತ್ತದೆ, ಕೈ ಮತ್ತೆ ಹಿಂಬಾಲಿಸಬೇಕು. ಅಂದರೆ ಕೈ ಸ್ಥಿರವಾಗಿರಬೇಕಾದ್ದು ಅವಳ ಬಾಯಿಗೆ, ನನ್ನ ಮೈಗಲ್ಲ. ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ತಿರುಗಿಸುವುದರಲ್ಲಿ ನನ್ನ ತಪ್ಪು ಎಲ್ಲ ಹೊಸಬರದೇ. ಎಡಕ್ಕೆ ಹೋಗಬೇಕೆಂದರೆ ಎಡ ವಾಘೆ ಎಳೆದೆ. ಅವಳ ಕತ್ತು ಎಡಕ್ಕೆ ಬಾಗಿತು, ಮೂತಿ ಹೆಚ್ಚುಕಡಿಮೆ ನನ್ನ ಮೊಣಕಾಲಿಗೆ ಬಂತು, ಮೈ ಮಾತ್ರ ನೆಟ್ಟಗೆ ಜಾಲಿಯ ಬೇಲಿಯ ಕಡೆಗೇ ನಡೆಯಿತು. ಕತ್ತು ತಿರುಗಿದ ಮಾತ್ರಕ್ಕೆ ಕುದುರೆ ತಿರುಗುವುದಿಲ್ಲ, ಭುಜ ತಿರುಗಬೇಕು. ಅದಕ್ಕೆ ಮೊದಲು ನನ್ನ ಕಣ್ಣು ಹೋಗಬೇಕಾದ ಕಡೆ ನೋಡಬೇಕು. ಕಣ್ಣಿನ ಹಿಂದೆ ನನ್ನ ಭುಜ, ಸೊಂಟ ತಾವಾಗಿಯೇ ತಿರುಗುತ್ತವೆ, ಬೆನ್ನಿನ ಮೇಲೆ ಅದು ಅವಳಿಗೆ ತಿಳಿಯುತ್ತದೆ. ಒಳಗಿನ ಕಾಲು, ಅಂದರೆ ತಿರುಗುವ ಕಡೆಯ ಕಾಲು, ಮೈಯನ್ನು ಬಾಗಿಸುತ್ತದೆ. ಒಳಗಿನ ವಾಘೆ ದಾರಿ ತೋರಿಸುವಷ್ಟೇ, ಬಾಗಿಲು ಚೂರು ತೆರೆದ ಹಾಗೆ. ಹೊರಗಿನ ವಾಘೆ ಕತ್ತಿಗೆ ಒರಗಿ ನಿಂತು, ಎಷ್ಟು ಬಾಗಬೇಕು, ಎಷ್ಟು ವೇಗ ಬೇಕು ಎಂದು ಅಳತೆ ಹಾಕುತ್ತದೆ. ಯಾವ ಕೈಯೂ ಕತ್ತಿನ ಮೇಲಿಂದ ದಾಟಿ ಆ ಕಡೆಗೆ ಹೋಗಬಾರದು. ಸವಾರಿ ಬಲ್ಲವರು ಹೊರಗಿನ ವಾಘೆಯನ್ನು ಇಷ್ಟೊಂದು ಹೊಗಳುವುದೇಕೆ ಎಂದು ನನಗೆ ಅರ್ಥವಾದದ್ದು ಜಾಲಿಯ ಮುಳ್ಳು ತೊಡೆಗೆ ಚುಚ್ಚಿದ ಮೇಲೆ.

ಒಂದು ಚಳಿಗಾಲದಲ್ಲಿ ತಾರಾ ನನ್ನನ್ನು ಹೊತ್ತುಕೊಂಡು ಓಡಿದಳು. ಕಬ್ಬಿನ ಹಂಗಾಮು. ಊರ ಹೊರಗಿನ ಕಪ್ಪು ನೆಲದ ದಾರಿಯಲ್ಲಿ ಎರಡು ಟ್ರೈಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಹಿಂದಿನಿಂದ ಬಂತು, ಧ್ವನಿವರ್ಧಕದಲ್ಲಿ ಕಿವಿ ಗಡಚಿಕ್ಕುವ ಹಾಡು. ಅವಳ ಬೆನ್ನು ನನ್ನ ಕೆಳಗೆ ಒಮ್ಮೆ ಕುಗ್ಗಿತು, ಮುಂದಿನ ಕ್ಷಣ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಎರಡು ವರ್ಷ ಕಲಿತದ್ದೆಲ್ಲ ಎಲ್ಲಿ ಹೋಯಿತೋ, ಬಂಡಿಯ ಮೂಕಿಯ ಮೇಲಿನ ಹತ್ತು ವರ್ಷದ ಹುಡುಗಿ ಎದ್ದು ಬಂದಳು. ಎರಡೂ ವಾಘೆ ಹೊಟ್ಟೆಗೆ ಎಳೆದುಕೊಂಡು ಹಿಂದಕ್ಕೆ ವಾಲಿದೆ. ಅವಳು ತಲೆ ಮೇಲಕ್ಕೆತ್ತಿದಳು. ತಲೆ ಮೇಲೆದ್ದರೆ ಕಬ್ಬಿಣ ಒಸಡಿನಿಂದ ತುಟಿಯ ಮೂಲೆಗೆ ಸರಿಯುತ್ತದೆ, ಅಲ್ಲಿ ನೋವಷ್ಟೇ ಉಳಿಯುತ್ತದೆ, ಹಿಡಿತ ಇರುವುದಿಲ್ಲ. ನಾನು ಕೊಟ್ಟ ಎಳೆತದ ಮೇಲೆಯೇ ಭಾರ ಹಾಕಿ ಅವಳು ಇನ್ನೂ ಜೋರಾಗಿ ಓಡಿದಳು. 350 ಕಿಲೋಗೂ ಹೆಚ್ಚು ತೂಕದ ಪ್ರಾಣಿಯ ಜೊತೆ ಹಗ್ಗಜಗ್ಗಾಟ ಆಡಿ ಗೆದ್ದವರು ಯಾರೂ ಇಲ್ಲ.

ಕೊನೆಗೆ ಅವಳು ನಿಂತದ್ದು ತೊಗರಿ ಹೊಲದ ಎತ್ತರದ ಬದುವಿಗೆ ಬಂದಾಗ, ತಾನಾಗಿಯೇ. ಇಳಿದಾಗ ನನ್ನ ಕಾಲು ನಡುಗುತ್ತಿತ್ತು, ಅವಳ ಕಾಲೂ. ಬಾಯಿಯ ನೊರೆಯಲ್ಲಿ ಒಂದು ಎಳೆ ಕೆಂಪು ಇತ್ತು. ಅದನ್ನು ನೋಡಿ ಅಲ್ಲೇ ಬದುವಿನ ಮೇಲೆ ಕುಳಿತು ಅತ್ತೆ.

ಚಾಚಾ ಬೈಯಲಿಲ್ಲ. ಹದಿನೈದು ದಿನ ಅವಳಿಗೆ ಕಡಿವಾಣ ಹಾಕಲಿಲ್ಲ, ಮೂಗಿನ ಮೇಲೆ ಬರುವ ಹಗ್ಗದ ಮುಖಪಟ್ಟಿ ಮಾತ್ರ ಹಾಕಿ ನನ್ನ ಕೈಗೆ ಕೊಟ್ಟು ನಡೆಸಾಡಿಸಿದರು. ನಮ್ಮ ಕಡೆಯ ಕುರಿಗಾರರು ಸಾಮಾನು ಹೇರುವ ಸಣ್ಣ ಕುದುರೆಗಳನ್ನು ಬರಿಯ ಹಗ್ಗದಲ್ಲೇ ನಡೆಸಿಕೊಂಡು ಹೋಗುವುದನ್ನು ನೀವೂ ನೋಡಿರುತ್ತೀರಿ. ಗಾಯ ಮಾಗಿದ ಮೇಲೆ ಓಡುವ ಕುದುರೆಯನ್ನು ನಿಲ್ಲಿಸುವ ಕ್ರಮ ಕಲಿಸಿದರು. ಎರಡೂ ವಾಘೆಯನ್ನು ಒಟ್ಟಿಗೆ ಎಳೆಯಬಾರದು. ಜೀನಿನಲ್ಲಿ ಆಳವಾಗಿ ಕುಳಿತು, ಒಂದನ್ನು ಹಿಡಿ, ಬಿಡು, ಮತ್ತೆ ಹಿಡಿ, ಬಿಡು. ಬಿಡುತ್ತಲೇ ಇದ್ದರೆ ಒರಗಲು ಅದಕ್ಕೆ ಆಸರೆಯೇ ಸಿಗುವುದಿಲ್ಲ. ಬಯಲಿದ್ದರೆ ದೊಡ್ಡ ಸುತ್ತಿಗೆ ತಿರುಗಿಸಿ, ಸುತ್ತನ್ನು ನಿಧಾನವಾಗಿ ಕಿರಿದು ಮಾಡುತ್ತಾ ಬರಬೇಕು. ವೇಗದಲ್ಲಿ ಒಮ್ಮೆಲೇ ಕತ್ತು ತಿರುಚಿದರೆ ಕುದುರೆ ಕಾಲು ತೊಡರಿ ಸವಾರನ ಸಮೇತ ಉರುಳುತ್ತದೆ. ಇದನ್ನು ಹೆದರಿಕೆ ಇಲ್ಲದಾಗಲೇ ಮಾಡಿ ಮಾಡಿ ರೂಢಿಯಾಗಿರಬೇಕು. ಹೆದರಿದ ಗಳಿಗೆಯಲ್ಲಿ ಕೈ ಹೊಸದನ್ನು ಯೋಚಿಸುವುದಿಲ್ಲ, ಹಳೆಯದನ್ನೇ ಮಾಡುತ್ತದೆ.

ಆಗಿನಿಂದ ಕುದುರೆ ಕಂಡಲ್ಲೆಲ್ಲ ನನ್ನ ಕಣ್ಣು ಮೊದಲು ವಾಘೆಯ ಮೇಲೆ ಬೀಳುತ್ತದೆ. ಗಿಡುಗವನ್ನು ಕೈಮೇಲೆ ಕೂರಿಸಿಕೊಂಡು ಕುದುರೆ ಏರಿದ ಚಾಂದ್ ಬೀಬಿಯ ದಖ್ಖನಿ ಚಿತ್ರಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ವಿಜಯಪುರದಲ್ಲಿ ಅವಳ ಹೆಸರಿನ ಬಾವಡಿಯೇ ಇದೆ. 1580ರಲ್ಲಿ ಇಲ್ಲಿನ ಸುಲ್ತಾನನಾಗಿದ್ದ ಗಂಡ ಅಲಿ ಆದಿಲ್ ಶಾಹ ಕೊಲೆಯಾದ ಮೇಲೆ ಎಳೆಯ ಇಬ್ರಾಹಿಮನ ಹೆಸರಿನಲ್ಲಿ ರಾಜ್ಯದ ಹೊಣೆ ಹೊತ್ತವಳು ಅವಳು. ಈಗ ಆ ಚಿತ್ರ ನೋಡಿದರೆ ಒಂದು ಕೈಗೆ ಗಿಡುಗ ಹೋದ ಮೇಲೆ ಉಳಿದದ್ದು ಒಂದೇ ಕೈ ಎಂಬುದು ಹೊಳೆಯುತ್ತದೆ. ಕಿತ್ತೂರಿನಲ್ಲಿ ಚೆನ್ನಮ್ಮನ ಪ್ರತಿಮೆಯ ಮುಂದೆ ನಿಂತಾಗಲೂ ಅದೇ ಯೋಚನೆ. 1824ರ ಅಕ್ಟೋಬರಿನಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯ ಮೇಲೆ ಬಿದ್ದ ಕಿತ್ತೂರಿನ ಸವಾರರ ಒಂದು ಕೈಯಲ್ಲಿ ಆಯುಧ. ಹಾಗಿದ್ದರೆ ಕುದುರೆ ತಿರುಗಿದ್ದು ಕುತ್ತಿಗೆಗೆ ತಾಗಿದ ವಾಘೆಯ ಸ್ಪರ್ಶಕ್ಕೆ, ಸವಾರನ ತೊಡೆ ಮತ್ತು ಸೊಂಟದ ಮಾತಿಗೆ. ಯುದ್ಧದ ಕುದುರೆಯನ್ನು ಎರಡೂ ಕೈಯಲ್ಲಿ ಎಳೆದು ತಿರುಗಿಸಲು ಸಾಧ್ಯವೇ ಇರಲಿಲ್ಲ, ಎಳೆಯಲು ಎರಡನೆಯ ಕೈ ಬಿಡುವಿರಲಿಲ್ಲ.

ನಮ್ಮ ಮಾತಿನ ಬಗ್ಗೆಯೂ ಒಂದು ತಕರಾರು ಇದೆ. ಕನ್ನಡದಲ್ಲಿ ಈ ಪಟ್ಟಿಗೆ ಹೆಸರುಗಳಿಗೇನೂ ಕೊರತೆಯಿಲ್ಲ. ಸಂಸ್ಕೃತದ ವಲ್ಗಾದಿಂದ ಬಂದ ವಾಘೆ ಇದೆ, ಫಾರಸಿಯಿಂದ ಬಂದ ಲಗಾಮು ಇದೆ. ಹಲ್ಲಣದ ಜಾಗಕ್ಕೆ ಜೀನು, ಅಂಕವಣೆಯ ಜಾಗಕ್ಕೆ ರಿಕಾಬು ಬಂದ ಹಾಗೆಯೇ ಇದೂ. ಆದರೆ ಬಳಕೆ ನೋಡಿ. ಬೆಲೆ ಏರಿಕೆಗೆ ಕಡಿವಾಣ, ನಾಲಗೆಗೆ ಲಗಾಮು, ಅಕ್ರಮಕ್ಕೆ ಕಡಿವಾಣ. ದಿನಪತ್ರಿಕೆಯ ಯಾವ ಪುಟ ತೆರೆದರೂ ಕಡಿವಾಣ ಎಂದರೆ ತಡೆಯುವುದು, ಲಗಾಮು ಎಂದರೆ ಬಿಗಿಯುವುದು. ಸಡಿಲ ಬಿಟ್ಟರು ಎಂದರೆ ದೂರು. ಕುದುರೆಯನ್ನು ಚೆನ್ನಾಗಿ ಬಲ್ಲ ನಾಡು ಇದು. ಆದರೂ ವಾಘೆಯ ಅರ್ಧ ಕೆಲಸವಷ್ಟೇ ನಮ್ಮ ನುಡಿಗಟ್ಟಿನಲ್ಲಿ ಉಳಿದುಕೊಂಡಿದೆ, ಬಿಡುವ ಅರ್ಧ ಬಿಟ್ಟುಹೋಗಿದೆ. ಮಕ್ಕಳು ಮೊದಲು ಕಲಿಯುವುದು ಈ ಮಾತುಗಳನ್ನು, ಕುದುರೆ ಸಿಗುವುದು ಆಮೇಲೆ.

ಅದರ ಫಲವನ್ನು ಮದುವೆ ಮೆರವಣಿಗೆಗಳಲ್ಲಿ ನೋಡುತ್ತೇನೆ. ಬ್ಯಾಂಡು, ಪಟಾಕಿ, ಕಣ್ಣಿಗೆ ಹೊಡೆಯುವ ದೀಪ, ಅದರ ನಡುವೆ ಅಲಂಕಾರ ಹೊತ್ತ ಕುದುರೆ. ಅದು ಬೆದರದಿರಲೆಂದು ಬಾಯಿಗೆ ಮುಳ್ಳಿನ ಕಡಿವಾಣ. ಹೋದ ಮಾಘದಲ್ಲಿ ಒಂದು ಮೆರವಣಿಗೆಯಲ್ಲಿ ಕುದುರೆಯ ಬಾಯಿಯಿಂದ ತೊಟ್ಟಿಕ್ಕಿದ ರಕ್ತ ಎದೆಯ ಮೇಲಿನ ಝರಿಯ ಪಟ್ಟಿಗೆ ಅಂಟಿಕೊಂಡಿತ್ತು. ಸವಾರಿಗಾಗಲಿ ಗಾಡಿಗಾಗಲಿ ಮುಳ್ಳು, ಗಂಟು, ಚೂಪು ಇರುವ ಕಡಿವಾಣ ಬಳಸುವುದನ್ನು 1965ರ ಭಾರವಾಹಕ ಪ್ರಾಣಿಗಳ ನಿಯಮಗಳಲ್ಲೇ ನಿಷೇಧಿಸಲಾಗಿದೆ. ಅಂದು ನಾನು ಮದುವೆಯವರ ಬಳಿ ಹೋಗಿ ಇದನ್ನು ಹೇಳಿದೆ. ವರನ ತಾಯಿ ನನ್ನ ಮಾತು ಪೂರ್ತಿ ಕೇಳಿಸಿಕೊಂಡರು, ಮಗನನ್ನು ಕೆಳಗಿಳಿಸಿ ಕಾರಿನಲ್ಲಿ ಕೂರಿಸಿದರು. ಆ ತಾಯಿಗೆ ನಾನು ಋಣಿ. ಮಾಡಿಸುವವರು ಬೇಡವೆಂದರೆ ಹಾಕುವವರು ಹಾಕುವುದಿಲ್ಲ. ನಿಮ್ಮ ಮನೆಯ ಮದುವೆಯಲ್ಲಿ ಕುದುರೆ ತರಿಸುವುದಾದರೆ ದಯವಿಟ್ಟು ಮೊದಲು ಅದರ ಬಾಯಿ ನೋಡಿ.

ಕಳೆದ ತಿಂಗಳು ಅಪ್ಪ ಊರಿನಿಂದ ಬಂದಿದ್ದರು. ಅವರಿಗೆ ಎಂಬತ್ತೊಂದು. ಮಗಳು ಕುದುರೆ ಏರುತ್ತಾಳೆ ಎಂಬ ಸುದ್ದಿಯನ್ನು ಮೂರು ವರ್ಷದಿಂದ ಕೇಳುತ್ತಿದ್ದವರು, ಒಮ್ಮೆ ನೋಡಬೇಕು ಎಂದರು. ಚಾಚಾ ಮನೆಯ ಮುಂದೆ ತಾರಾಳ ವಾಘೆಯನ್ನು ಅವರ ಕೈಗೆ ಕೊಟ್ಟು ನಾನು ಜೀನಿನ ಪಟ್ಟಿ ಬಿಗಿಯುತ್ತಿದ್ದೆ. ತಿರುಗಿ ನೋಡಿದರೆ ಅಪ್ಪ ಆಗಲೇ ಹತ್ತು ಹೆಜ್ಜೆ ನಡೆದಿದ್ದರು, ತಾರಾ ಅವರ ಭುಜದ ಪಕ್ಕದಲ್ಲೇ ಹೋಗುತ್ತಿದ್ದಳು. ವಾಘೆ ಇಬ್ಬರ ನಡುವೆ ಬಟ್ಟೆ ಒಣಹಾಕುವ ತಂತಿಯಂತೆ ಜೋತುಬಿದ್ದಿತ್ತು. ಆಗ ನೆನಪಾಯಿತು. ಅಪ್ಪ ಬಂಡಿ ಹೊಡೆಯುವಾಗ ಮೂಗುದಾರದ ಹಗ್ಗ ಯಾವಾಗಲೂ ಅವರ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಅವರು ಎತ್ತುಗಳ ಜೊತೆ ಮಾತಾಡುತ್ತಿದ್ದರು, ನಾಲಗೆ ಲೊಚಗುಟ್ಟುತ್ತಿದ್ದರು. ಹಗ್ಗ ಬಿಗಿಯಾಗಿ ಹಿಡಿಯುತ್ತಿದ್ದವಳು ನಾನು, ಭಯಕ್ಕೆ. ಆ ಮುಷ್ಟಿಯನ್ನು ನನಗೆ ಯಾರೂ ಕಲಿಸಿರಲಿಲ್ಲ.

ಅಪ್ಪ ನಿಂತರು, ತಾರಾಳೂ ನಿಂತಳು. ಅವರು ಅವಳ ತುಟಿಯ ಮೂಲೆಯನ್ನು ಬೆರಳಿನಿಂದ ಸರಿಸಿ, ಹಣೆ ಸುಕ್ಕಾಗಿಸಿ ನೋಡಿದರು. "ಇಲ್ಲಿ ಉಂಗುರ ಒಳಗೆ ಹೋಗುವ ಕಡೆ ಚೂರು ತರಿತರಿ ಇದೆ. ಕೈಗೆ ಹತ್ತುತ್ತದೆ" ಎಂದರು. ದಿನವೂ ಒರೆಸಿಡುವ ನಮ್ಮಿಬ್ಬರಿಗೂ ಅದು ಗೊತ್ತಾಗಿರಲಿಲ್ಲ. ಅಂದು ಸವಾರಿ ಮಾಡಲಿಲ್ಲ. ಚಾಚಾ ಕಡಿವಾಣ ಬಿಚ್ಚಿ ತಂದು ಕಟ್ಟೆಯ ಮೇಲೆ ಕುಳಿತರು, ಪಕ್ಕದಲ್ಲಿ ಅಪ್ಪ. ಸಣ್ಣ ಅರದಿಂದ ಆ ಅಂಚನ್ನು ಉಜ್ಜಿ, ಎಣ್ಣೆ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ, ಮತ್ತೆ ಉಜ್ಜಿದರು. ಕೊನೆಗೆ ಅದನ್ನು ನೀರಿನಲ್ಲಿ ತೊಳೆದು ತಮ್ಮ ಕೆಳತುಟಿಯ ಒಳಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅತ್ತಿತ್ತ ಸರಿಸಿದರು. ಇನ್ನೂ ಸ್ವಲ್ಪ ಬೇಕು ಎಂದು ತಲೆಯಾಡಿಸಿ ಮತ್ತೆ ಅರ ಎತ್ತಿಕೊಂಡರು.